ಎಲ್ಲಿ ನಿಲ್ಲಿಸಬಾರದು ಅಂತ ಹೇಳಿದ್ರಿ, ಎಲ್ಲಿ ನಿಲ್ಲಿಸಬೇಕು?

ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಅಪ್ರೈಸಲ್ ಬಿಟ್ಟು, ಲೇಆಫ್ ಬಿಟ್ಟು, ಪಾರ್ಕಿಂಗ್ ಬಗ್ಗೆ ಏನ್ರೀ ಮಾತು ಅಂತ. ಹುಬ್ಬಳ್ಳಿ ಬಿಟ್ಟು ಪುಣೆಗೆ ಬಂದು ನನಗೆ ಹನ್ನೊಂದು ವರ್ಷ ಆಯ್ತು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವಾಗ ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಮೊದಲು ಏಳೋ ಪ್ರಶ್ನೆ ಒಂದೇ: ಇವತ್ತು ಇದನ್ನ ಎಲ್ಲಿ ನಿಲ್ಲಿಸೋದು?

ನಮ್ಮ ಆಫೀಸು ಬಾಣೇರ್ ಕಡೆ ಇದೆ. ಕಂಪನಿಯ ಹೆಸರು ಬೇಡ. ಎರಡು ವರ್ಷದ ಹಿಂದೆ ಒಂದು ಸೋಮವಾರ ಎಚ್‌ಆರ್‌ನಿಂದ ಮೇಲ್ ಬಂತು. ಕಟ್ಟಡದ ಎದುರಿನ ರಸ್ತೆ, ಹಿಂದಿನ ಎರಡು ಗಲ್ಲಿ, ಪಕ್ಕದ ಸೊಸೈಟಿಗಳ ಗೋಡೆ ಬದಿ, ಇಲ್ಲೆಲ್ಲೂ ನೌಕರರು ಗಾಡಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಶಿಸ್ತುಕ್ರಮ. ಹಾಗಾದರೆ ಒಳಗೆ? ಬೇಸ್‌ಮೆಂಟಿಗೆ ಸ್ಟಿಕ್ಕರ್ ಬೇಕು, ಸ್ಟಿಕ್ಕರ್ ಸಿಗೋದು ಸೀನಿಯರ್ ಮ್ಯಾನೇಜರ್ ಮತ್ತು ಅವರಿಗಿಂತ ಮೇಲಿನವರಿಗೆ. ಉಳಿದವರು ಎಲ್ಲಿ ನಿಲ್ಲಿಸಬೇಕು ಅನ್ನೋದರ ಬಗ್ಗೆ ಆ ಮೇಲ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಕೊನೆಗೆ ಮಾತ್ರ 'ನಿಮ್ಮ ಸಹಕಾರಕ್ಕೆ ಧನ್ಯವಾದ' ಅಂತ ಇತ್ತು.

ಸೊಸೈಟಿಯವರ ದೂರು ಸುಳ್ಳು ಅಂತ ನಾನು ಹೇಳೋದಿಲ್ಲ. ಹಿಂದಿನ ಗಲ್ಲಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಅವರ ಗೇಟಿನ ಮುಂದೆ ದಿನಾ ನಾಲ್ಕು ಬೈಕು. ಒಂದು ದಿನ ಅವರ ಹೆಂಡತಿಯನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು, ಕಾರು ಹೊರಗೆ ತೆಗೆಯೋಕೆ ಇಪ್ಪತ್ತು ನಿಮಿಷ ಬೇಕಾಯ್ತು. ಅವರು ಕೂಗಾಡಿದ್ದು ಸರಿ. ಗೇಟಿಗೆ ಅಡ್ಡ ನಿಲ್ಲಿಸೋದನ್ನ ಯಾವ ಕಾನೂನೂ ಒಪ್ಪೋದಿಲ್ಲ, ಅದಕ್ಕೆ ಎಚ್‌ಆರ್ ಮೇಲ್ ಬೇಕಾಗೇ ಇಲ್ಲ.

ಆದರೆ ಗೇಟಿಗೆ ಅಡ್ಡ ಅಲ್ಲದೆ, ಬೋರ್ಡು ನೋಡಿ, ಸರಿಯಾದ ಬದಿಯಲ್ಲಿ ನಿಲ್ಲಿಸಿದವನಿಗೂ ಕಂಪನಿ ಬೇಡ ಅನ್ನಬಹುದಾ? ಪುಣೆಯಲ್ಲಿ ಇರುವವರಿಗೆ ಪಿ-1, ಪಿ-2 ಬೋರ್ಡು ಗೊತ್ತು. ಬೆಸ ತಾರೀಖಿಗೆ ಒಂದು ಬದಿ, ಸಮ ತಾರೀಖಿಗೆ ಇನ್ನೊಂದು ಬದಿ. ಈ ಬೋರ್ಡು ಹಾಕೋ ಅಧಿಕಾರ ಸರ್ಕಾರದ್ದು. 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ, ವಾಹನ ಎಲ್ಲಿ ನಿಲ್ಲಬಹುದು ಅಂತ ಗೊತ್ತುಮಾಡೋದು ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ, ಅದೂ ಸ್ಥಳೀಯ ಸಂಸ್ಥೆಯ ಜತೆ ಸಮಾಲೋಚನೆ ಮಾಡಿ. ಕಂಪನಿಗೆ ತನ್ನ ಕಾಂಪೌಂಡಿನ ಒಳಗೆ ಪೂರ್ತಿ ಹಕ್ಕಿದೆ. ರಸ್ತೆ ಅದರದ್ದಲ್ಲ.

ಹಾಗಂತ ಎದೆ ಉಬ್ಬಿಸಿಕೊಂಡು ಹೋಗಿ ಜಗಳಕ್ಕೆ ನಿಲ್ಲಬೇಡಿ. ಅದೇ ಕಾಯ್ದೆಯ 127ನೇ ಸೆಕ್ಷನ್ ಓದಿ. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟ ವಾಹನವನ್ನ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎತ್ತಿಸಬಹುದು. ನಮ್ಮ ಕೆಲಸದ ದಿನ ಎಷ್ಟು ಗಂಟೆ? ಒಂಬತ್ತಕ್ಕೆ ಬಂದು ಎಂಟಕ್ಕೆ ಹೋಗೋರು ಲೆಕ್ಕ ಹಾಕಿ. ಇನ್ನು ಶಿಸ್ತುಕ್ರಮದ ಮಾತು. ಕೆಲಸದ ಜಾಗದ ಹೊರಗೆ ನಡೆದದ್ದಕ್ಕೆ ದುರ್ನಡತೆ ಅಂತ ಶಿಕ್ಷೆ ಕೊಡಬಹುದಾ ಅನ್ನೋ ಪ್ರಶ್ನೆ ಗ್ಲಾಕ್ಸೊ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಕಾರ್ಖಾನೆಯ ಒಳಗೆ ಅಥವಾ ಅದರ ಆಸುಪಾಸಿನಲ್ಲಿ ಅಂತ ನಿಯಮದಲ್ಲಿ ಇದ್ದರೆ, ಆ 'ಆಸುಪಾಸು' ಅನ್ನೋದನ್ನ ಮನಸ್ಸಿಗೆ ಬಂದಷ್ಟು ದೂರ ಎಳೆಯೋಕಾಗೋದಿಲ್ಲ ಅಂತ 1983ರಲ್ಲಿ ಕೋರ್ಟು ಹೇಳಿತು. ಅದು ಕಾರ್ಮಿಕರ ಸ್ಥಾಯಿ ಆದೇಶಗಳ ಪ್ರಕರಣ. ಐಟಿಯಲ್ಲಿ ನಾವು ಸಹಿ ಮಾಡೋದು ಬೇರೆ ಕಾಗದಕ್ಕೆ, ಅದರಲ್ಲಿ 'ಕಂಪನಿಯ ಎಲ್ಲ ನೀತಿಗಳಿಗೆ ಬದ್ಧ' ಅನ್ನೋ ಸಾಲು ಇದ್ದೇ ಇರುತ್ತೆ. ಹಾಗಾಗಿ ಕೋರ್ಟಿನ ದಾರಿಗಿಂತ ಲೆಕ್ಕದ ದಾರಿ ಒಳ್ಳೇದು ಅಂತ ನನಗೆ ಅನಿಸ್ತು.

ಏನು ಲೆಕ್ಕ? ದಿಲ್ಲಿಯ 2021ರ ಮಾಸ್ಟರ್ ಪ್ಲಾನ್‌ನಲ್ಲಿ ಒಂದು ಕಾರಿಗೆ ಎಷ್ಟು ಜಾಗ ಅಂತ ಬರೆದಿದ್ದಾರೆ. ಬಯಲಲ್ಲಿ 23 ಚದರ ಮೀಟರ್, ಬೇಸ್‌ಮೆಂಟಿನಲ್ಲಿ 32. ತಿರುಗೋ ಜಾಗ, ರ‍್ಯಾಂಪು ಎಲ್ಲ ಸೇರಿ. ನನ್ನ ಡೆಸ್ಕು, ಕುರ್ಚಿ, ಓಡಾಡೋ ದಾರಿ, ಮೀಟಿಂಗ್ ರೂಮಿನ ಪಾಲು ಎಲ್ಲ ಸೇರಿಸಿದರೂ ಅದರ ಮೂರನೇ ಒಂದು ಭಾಗ ಆಗೋದು ಕಷ್ಟ. ಅಂದರೆ ಹತ್ತು ಗಂಟೆ ಸುಮ್ಮನೆ ನಿಲ್ಲೋ ಕಾರಿಗೆ ಹತ್ತು ಗಂಟೆ ದುಡಿಯೋ ಮನುಷ್ಯನಿಗಿಂತ ದೊಡ್ಡ ಜಾಗ! ಜಾಗ ಸಾಲೋದಿಲ್ಲ ಅಂತ ಅಡ್ಮಿನ್‌ನವರು ಹೇಳೋದರಲ್ಲಿ ಸತ್ಯ ಇದೆ. ಆದರೆ ಒಂದು ಕಾರಿನ ಗೆರೆಯೊಳಗೆ ಐದು ಸ್ಕೂಟರ್ ಆರಾಮಾಗಿ ನಿಲ್ಲುತ್ತೆ. ಇರೋ ಜಾಗವನ್ನ ಹುದ್ದೆ ನೋಡಿ ಹಂಚಿದರೆ ಐದು ಜನರ ಜಾಗ ಒಬ್ಬರಿಗೆ ಹೋಗುತ್ತೆ.

ಈ ಹಂಚಿಕೆಯ ಬಿಸಿ ಯಾರಿಗೆ ತಟ್ಟುತ್ತೆ ಅಂತ ನೋಡ್ರಿ. ಮೇಲ್ ಬಂದ ಮೇಲೆ ನಮ್ಮಲ್ಲಿ ಬಹಳ ಜನ ಹೈವೇ ಬದಿಯ ಒಂದು ಖಾಲಿ ಪ್ಲಾಟಿಗೆ ಹೋದರು. ದಿನಕ್ಕೆ 30 ರೂಪಾಯಿ, ಅಲ್ಲಿಂದ ಆಫೀಸಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಹಗಲಲ್ಲಿ ಪರವಾಗಿಲ್ಲ, ಹೊಟ್ಟೆ ಕರಗುತ್ತೆ ಅಂದುಕೊಳ್ಳಬಹುದು. ನಮ್ಮ ಟೀಮಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹುಡುಗಿ ಇದ್ದಾಳೆ, ಟೆಸ್ಟಿಂಗ್ ಮಾಡ್ತಾಳೆ. ರಿಲೀಸ್ ಇದ್ದ ರಾತ್ರಿ ಹತ್ತೂವರೆಗೆ ಹೊರಟಳು. ಕಂಪನಿ ಕ್ಯಾಬ್ ಸಿಗೋದು ರಾತ್ರಿ ಪಾಳಿ ಅಂತ ರೋಸ್ಟರಿನಲ್ಲಿ ಹೆಸರಿದ್ದವರಿಗೆ ಮಾತ್ರ. ಅವಳದು ಹಗಲು ಪಾಳಿ, ತಡ ಆಗಿದ್ದು ಅಷ್ಟೇ. ಮಳೆ ಬೇರೆ. ಆ ಪ್ಲಾಟಿನ ದಾರಿಯಲ್ಲಿ ಎರಡು ದೀಪ ಉರಿಯೋದಿಲ್ಲ. 'ಸರ್, ನಾನು ಪ್ಲಾಟ್ ಮುಟ್ಟೋವರೆಗೂ ಫೋನ್ ಇಡಬೇಡ್ರಿ' ಅಂತ ನನಗೆ ಫೋನ್ ಮಾಡಿದಳು. ಹದಿನಾಲ್ಕು ನಿಮಿಷ ಮಾತಾಡಿದ್ವಿ, ಏನು ಮಾತಾಡಿದ್ವಿ ಅಂತ ಇಬ್ಬರಿಗೂ ನೆನಪಿಲ್ಲ.

ಮಾರನೇ ದಿನದಿಂದ ಒಂದು ವಾರ ನಾನು ಸಂಜೆ ಏಳಕ್ಕೆ ಬೇಸ್‌ಮೆಂಟಿಗೆ ಇಳಿದು ಎಣಿಸಿದೆ. ನಮ್ಮ ಕಂಪನಿಯ ಪಾಲಿಗೆ 60 ಗೆರೆ. ಯಾವ ದಿನವೂ 20ಕ್ಕಿಂತ ಕಡಿಮೆ ಖಾಲಿ ಇರಲಿಲ್ಲ. ದೊಡ್ಡ ಸಾಹೇಬರು ಆರಕ್ಕೇ ಹೋಗಿರ್ತಾರೆ, ಕೆಲವರು ವಾರಕ್ಕೆ ಮೂರೇ ದಿನ ಬರ್ತಾರೆ. ಸ್ಟಿಕ್ಕರ್ ಮಾತ್ರ ಏಳೂ ದಿನ, ಇಪ್ಪತ್ತನಾಲ್ಕು ಗಂಟೆ ಅವರದೇ. ಜಾಗ ಖಾಲಿ ಇದೆ, ಹುಡುಗಿ ಕತ್ತಲಲ್ಲಿ ನಡೀತಾಳೆ.

ಬೇರೆ ಕಡೆ ಏನು ಮಾಡ್ತಾರೆ? ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲಿ ಒಂದು ಕಾನೂನು ತಂದರು. ಪಾರ್ಕಿಂಗ್ ಜಾಗ ಬಾಡಿಗೆಗೆ ಹಿಡಿದು ನೌಕರರಿಗೆ ಪುಕ್ಕಟೆ ಕೊಡೋ ದೊಡ್ಡ ಕಂಪನಿಗಳಲ್ಲಿ ಯಾರಾದರೂ ನನಗೆ ಜಾಗ ಬೇಡ ಅಂದರೆ, ಅದರ ಬಾಡಿಗೆಯಷ್ಟು ಹಣ ಅವರ ಕೈಗೆ ಕೊಡಬೇಕು. ಡೊನಾಲ್ಡ್ ಶೂಪ್ ಅನ್ನೋ ಪ್ರೊಫೆಸರ್ ಹಾಗೆ ಮಾಡಿದ ಎಂಟು ಕಂಪನಿಗಳನ್ನ ನೋಡಿದರು. ಒಬ್ಬರೇ ಕಾರಿನಲ್ಲಿ ಬರೋದು ಶೇಕಡಾ 17ರಷ್ಟು ಇಳಿದಿತ್ತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಇನ್ನೂ ಮುಂದೆ ಹೋಯ್ತು. 2012ರಿಂದ ಅಲ್ಲಿ 11 ಅಥವಾ ಅದಕ್ಕಿಂತ ಹೆಚ್ಚು ಪಾರ್ಕಿಂಗ್ ಜಾಗ ಇಟ್ಟುಕೊಂಡ ಕಂಪನಿ ಊರಿಗೆ ಸುಂಕ ಕಟ್ಟಬೇಕು, ಆ ಹಣ ಟ್ರಾಮಿಗೆ ಹೋಗುತ್ತೆ. ಎರಡೂ ಕಡೆ ಪ್ರಶ್ನೆ ಮೊದಲು ಹೋಗೋದು ಕಂಪನಿಗೆ: ನಿನ್ನ ಜನ ಹೇಗೆ ಬರ್ತಾರೆ, ಅದಕ್ಕೆ ನೀನೇನು ಮಾಡಿದೆ? ನಮ್ಮಲ್ಲಿ ಮೇಲ್ ಬಂದಿದ್ದು ನೌಕರನಿಗೆ.

ನಾವು ಹನ್ನೆರಡು ಜನ ಸೇರಿ ಅಡ್ಮಿನ್‌ಗೆ ಒಂದು ಪುಟ ಬರೆದ್ವಿ. ಜಗಳದ ಭಾಷೆ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ವಿ. ಏಳು ದಿನದ ಎಣಿಕೆ ಹಾಕಿದ್ವಿ. ಎರಡೇ ಬೇಡಿಕೆ: ನಾಲ್ಕು ಕಾರಿನ ಗೆರೆ ದ್ವಿಚಕ್ರಕ್ಕೆ ಕೊಡಿ, ಸಂಜೆ ಆರೂವರೆ ಆದ ಮೇಲೆ ಖಾಲಿ ಗೆರೆಗೆ ಸ್ಟಿಕ್ಕರ್ ಕೇಳಬೇಡಿ. ಸಂಜೆ ಪ್ಲಾಟಿನಿಂದ ಗಾಡಿ ಒಳಗೆ ತಂದಿಟ್ಟರೆ ರಾತ್ರಿ ನಡೆಯೋದು ತಪ್ಪುತ್ತೆ. ಕಾಕಾ ಇರೋ ಸೊಸೈಟಿಯವರಿಗೂ ಒಂದು ಪ್ರತಿ ತೋರಿಸಿದ್ವಿ, ಅವರು ಖುಷಿಯಿಂದ ಸಹಿ ಹಾಕಿದರು. ಆ ಸಹಿ ಬಹಳ ಕೆಲಸ ಮಾಡಿತು ಅಂತ ನನ್ನ ಅಂದಾಜು. ದೂರು ಕೊಟ್ಟವರೂ ದೂರಿಗೆ ಒಳಗಾದವರೂ ಒಂದೇ ಕಾಗದದ ಮೇಲೆ ಇದ್ದರೆ ಎಚ್‌ಆರ್‌ಗೆ ಸುಮ್ಮನಿರೋದು ಕಷ್ಟ.

ಏಳು ವಾರ ಹಿಡೀತು. ಎರಡನೇ ಬೇಡಿಕೆ ಪೂರ್ತಿ ಸಿಕ್ತು. ನಾಲ್ಕು ಗೆರೆಯ ಬದಲು ಎರಡು ಸಿಕ್ತು, ಹತ್ತು ಸ್ಕೂಟರಿಗೆ. ಮೊದಲು ಬಂದವರಿಗೆ ಮೊದಲು.

ಇನ್ನೊಂದು ಹಾಗೇ ಉಳಿದಿದೆ. ನಮ್ಮ ಮಹಡಿಯ ಹೌಸ್‌ಕೀಪಿಂಗ್‌ನವರು, ಸೆಕ್ಯೂರಿಟಿಯವರು ಬೆಳಿಗ್ಗೆ ಆರೂವರೆಗೆ ಬರ್ತಾರೆ. ಎಲ್ಲರಿಗಿಂತ ಮೊದಲು ಬರೋರು ಅವರೇ. ಆದರೆ ಆ ಹತ್ತು ಜಾಗದಲ್ಲಿ ಅವರ ಗಾಡಿ ನಿಲ್ಲಿಸೋ ಹಾಗಿಲ್ಲ, ಅವರ ಐಡಿ ಕಾರ್ಡು ಏಜೆನ್ಸಿಯದ್ದು. ಅಡ್ಮಿನ್‌ನವರನ್ನ ಕೇಳಿದರೆ ಏಜೆನ್ಸಿಯನ್ನ ಕೇಳಿ ಅಂದರು. ಏಜೆನ್ಸಿಯವರು ಕಟ್ಟಡದ ಮಾಲೀಕರನ್ನ ಕೇಳಿ ಅಂದರು. ಮಾಲೀಕರ ಮ್ಯಾನೇಜರ್ ಕಂಪನಿಯನ್ನ ಕೇಳಿ ಅಂದರು. ಸದ್ಯ ಅವರ ಆರು ಗಾಡಿ ರಸ್ತೆ ಮೇಲೇ ನಿಲ್ಲುತ್ತೆ, ಟೋಯಿಂಗ್ ಟೆಂಪೊ ಬಂತು ಅಂದರೆ ಕೈಯಲ್ಲಿದ್ದ ಮಾಪು ಅಲ್ಲೇ ಬಿಟ್ಟು ಕೆಳಗೆ ಓಡ್ತಾರೆ. ಈ ತಿಂಗಳು ಮತ್ತೆ ಬರೀತಾ ಇದ್ದೀವಿ. ಹಿಂಜವಡಿ, ಖರಾಡಿ, ಹೈದರಾಬಾದಿನ ಮಾಧಾಪುರ ಕಡೆ ಯಾರಾದರೂ ಏಜೆನ್ಸಿಯವರಿಗೂ ಜಾಗ ಕೊಡಿಸಿದ್ದರೆ ಕೆಳಗೆ ಬರೀರಿ. ಯಾರ ಹತ್ತಿರ ಕೇಳಿದ್ರಿ, ಯಾರು ಒಪ್ಪಿದರು ಅನ್ನೋದನ್ನೂ ಬರೀರಿ, ನಮಗೆ ಬೇಕಾಗಿದೆ.