ಗಿಂಡಿಯ ಜಿಂಕೆಗಳೂ ನಮ್ಮ ಎಂಜಲೂ



ರಜಾ ದಿನ ಹೆಂಡಿರು ಮಕ್ಕಳೊಡನೆ ನಾವು ಗಿಂಡಿಯ ಮಕ್ಕಳ ಉದ್ಯಾನಕ್ಕೆ ಹೋಗುತ್ತೇವೆ. ಅದರ ಪಕ್ಕದಲ್ಲೇ 1978ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡಿದೆ. ಸುಮಾರು 270 ಹೆಕ್ಟೇರು. ಚೆನ್ನೈ ನಗರದ ನಡುವೆಯೇ ಅಲ್ಲಿ ಕೃಷ್ಣಮೃಗ, ಚುಕ್ಕೆ ಜಿಂಕೆಗಳು ಉಳಿದಿವೆ. ಒಳಕಾಡಿಗೆ ನಮ್ಮನ್ನು ಸಲೀಸಾಗಿ ಬಿಡುವುದಿಲ್ಲವೆಂದು ಗೊಣಗುವುದು ಬೇಡ. ಗಿರಾಕಿಗಳನ್ನು ನಾವು ಅಡುಗೆಮನೆಯೊಳಕ್ಕೆ ಬಿಡುತ್ತೇವೆಯೇ?

ಉಪ್ಪು, ಎಣ್ಣೆ ಹತ್ತಿದ ಪ್ಲಾಸ್ಟಿಕ್ ಚೀಲವನ್ನು ಜಿಂಕೆ ತಿನ್ನುತ್ತದೆ. ಅದು ಹೊಟ್ಟೆಯಲ್ಲಿ ಕರಗದೆ ಉಂಡೆಗಟ್ಟುತ್ತದೆ. ಮೇವಿಗೆ ಜಾಗವಿಲ್ಲದೆ ಜೀವ ಹೋಗುತ್ತದೆ. 2019ರಿಂದ ತಮಿಳುನಾಡಿನಲ್ಲಿ ಅಂಥ ಚೀಲಕ್ಕೆ ನಿಷೇಧವಿದೆ. ಆದರೂ ಪಾರ್ಸೆಲು ಕಟ್ಟುವ ನಮ್ಮ ಕೈ ಅದನ್ನಿನ್ನೂ ಬಿಟ್ಟಿಲ್ಲ.

ಬಂಗಲೆಯವರಿಗೆ ಸ್ವಂತ ತೋಟವಿದೆ. ನಮಗೆ ಇದೇ ತೋಟ. ಬುತ್ತಿಯನ್ನು ಬಾಳೆಲೆಯಲ್ಲಿ ಕಟ್ಟೋಣ, ಎಂಜಲನ್ನು ಮರಳಿ ತರೋಣ. ಎಲೆ ಎತ್ತುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.