ಚಿತ್ರದ ಮಯೂರ, ಶಾಸನದ ಮಯೂರ

ಐತಿಹಾಸಿಕ ಚಲನಚಿತ್ರವನ್ನು ನೋಡಿ ಎದ್ದವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದೆಲ್ಲ ನಿಜವಾಗಿ ನಡೆದದ್ದೇ? ಚಿಂಚೋಳಿಯಲ್ಲಿ ಕೆಲವರು ಮಿತ್ರರೊಡನೆ 1975ರ ‘ಮಯೂರ’ ಚಿತ್ರವನ್ನು ಮತ್ತೊಮ್ಮೆ ನೋಡಿದಾಗ ನಮ್ಮಲ್ಲಿಯೂ ಈ ಪ್ರಶ್ನೆ ಹುಟ್ಟಿತು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ ವಿಜಯ್ ಅವರು ನಿರ್ದೇಶಿಸಿದ, ರಾಜಕುಮಾರ್ ಅವರು ನಾಯಕರಾಗಿರುವ ಚಿತ್ರವದು. ಒಬ್ಬರು ಕಿರೀಟಗಳ ಥಳಕನ್ನು ಆಕ್ಷೇಪಿಸಿದರು. ನಾಲ್ಕನೆಯ ಶತಮಾನದ ಜನ ಇಂಥ ಕನ್ನಡವನ್ನು ಆಡುತ್ತಿದ್ದರೇ ಎಂದು ಇನ್ನೊಬ್ಬರು ಕೇಳಿದರು.

ಈ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಚಿತ್ರವನ್ನು ಅಳೆಯಲು ಅಷ್ಟೇ ಸಾಲದು. ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವನ್ನೇ ನೋಡೋಣ. ಕಾಗಿಣಾ ನದಿಯ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 851ರ ಅರಬ್ಬೀ ವೃತ್ತಾಂತವೊಂದು ‘ಬಲ್ಹರಾ’ ಎಂಬ ಹೆಸರಿನಿಂದ ರಾಷ್ಟ್ರಕೂಟ ಅರಸನನ್ನು ಲೋಕದ ನಾಲ್ವರು ಮಹಾರಾಜರ ಸಾಲಿನಲ್ಲಿ ನಿಲ್ಲಿಸಿದೆ. ಆದರೂ ಅಲ್ಲಿ ಇಂದು ಉಳಿದಿರುವ ಕಲ್ಲುಗಳನ್ನು ನೋಡಿ ನೃಪತುಂಗನ ಅರಮನೆಯನ್ನು ಯಾರೂ ಚಿತ್ರಿಸಲಾರರು. ಆಧಾರಗಳು ಮೌನವಾಗಿರುವಲ್ಲಿ ಕಲೆಗಾರ ಕಲ್ಪಿಸಲೇಬೇಕು, ಅದನ್ನು ಅಪರಾಧವೆನ್ನಲಾಗದು.

‘ಇದು ನಂಬುವಂತಿಲ್ಲ’ ಎಂಬ ನಮ್ಮ ಅನಿಸಿಕೆಯೂ ಸರಿಯಾದ ಅಳತೆಗೋಲಲ್ಲ. ಇದೇ ನೃಪತುಂಗನು ಪ್ರಜೆಗಳಿಗೆ ಒದಗಿದ ವಿಪತ್ತನ್ನು ನೀಗಲು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಪಟ ಹೇಳುತ್ತದೆ. ಇದನ್ನು ತೆರೆಯ ಮೇಲೆ ಕಂಡರೆ ನಾವು ಸಿನಿಮಾದವರ ಅತಿರಂಜನೆಯೆಂದು ನಕ್ಕುಬಿಡುತ್ತಿದ್ದೆವೇನೋ!

ಹಾಗಾದರೆ ಎಲ್ಲಿ ಎಚ್ಚರದಿಂದಿರಬೇಕು? ಆಧಾರವು ಸ್ಪಷ್ಟವಾಗಿ ಮಾತನಾಡುವಲ್ಲಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಮಯೂರಶರ್ಮನ ಕಥೆಯನ್ನು ವಿವರವಾಗಿಯೇ ಹೇಳುತ್ತದೆ. ವೇದಾಧ್ಯಯನವನ್ನು ಪೂರ್ಣಗೊಳಿಸಲು ಅವನು ಗುರು ವೀರಶರ್ಮನೊಡನೆ ಪಲ್ಲವರ ಕಂಚಿಯ ಘಟಿಕಾಸ್ಥಾನಕ್ಕೆ ಹೋದನು. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಕಲಹವಾಯಿತು. ವಿದ್ಯಾವಂತನ ಮಾನವು ಅಧಿಕಾರದ ಮುಂದೆ ಇಷ್ಟು ಅಗ್ಗವೇ ಎಂದು ನೊಂದು, ದರ್ಭೆ ಹಿಡಿದ ಕೈಯಲ್ಲಿ ಆಯುಧ ಹಿಡಿದನು. ಶ್ರೀಪರ್ವತದ ಕಾಡುಗಳನ್ನು ಸೇರಿ, ಗಡಿಕಾವಲಿನವರನ್ನು ಸೋಲಿಸಿ, ಬೃಹದ್ಬಾಣರಿಂದ ಕಪ್ಪ ಪಡೆದನು. ಕೊನೆಗೆ ಪಲ್ಲವರೇ ಅವನ ಅಧಿಕಾರಕ್ಕೆ ಮನ್ನಣೆ ಕೊಡಬೇಕಾಯಿತು.

ಚಿತ್ರದಲ್ಲಾದರೋ, ಬ್ರಾಹ್ಮಣನೆಂದು ಬೆಳೆದ ಮಯೂರನು ತಾನು ಹುಟ್ಟಿನಿಂದ ಕದಂಬ ರಾಜಕುಮಾರನೆಂಬುದನ್ನು ತಿಳಿಯುತ್ತಾನೆ. ಕಳೆದುಹೋದ ರಾಜ್ಯವನ್ನು ಮರಳಿ ಪಡೆಯುತ್ತಾನೆ. ರಂಜನೆಯ ದೃಷ್ಟಿಯಿಂದ ಇದು ಸೊಗಸಾದ ತಿರುವು. ಆದರೆ ಇಲ್ಲಿ ಬದಲಾದದ್ದು ಉಡುಗೆತೊಡುಗೆಯಲ್ಲ, ಕಾರ್ಯದ ಕಾರಣವೇ ಬದಲಾಗಿದೆ. ಶಾಸನದ ಮಯೂರನಿಗೆ ಯಾವ ಸಿಂಹಾಸನದ ಹಕ್ಕೂ ಇರಲಿಲ್ಲ. ಅವಮಾನವನ್ನು ನುಂಗಲಾರದ ಛಲವೊಂದೇ ಅವನ ಬಂಡವಾಳ. ಚಿತ್ರದ ಮಯೂರನಿಗೆ ರಕ್ತದ ಹಕ್ಕಿದೆ. ಸಾಮಾನ್ಯನೊಬ್ಬ ರಾಜ್ಯ ಕಟ್ಟಬಲ್ಲನೆಂಬ ಮಾತು ಅಲ್ಲಿ ಮೆಲ್ಲನೆ ಮರೆಯಾಗಿ, ಆಳಲು ಅರಸುಕುಲದಲ್ಲೇ ಹುಟ್ಟಬೇಕೆಂಬ ಹಳೆಯ ನಂಬಿಕೆ ಬಂದು ಕೂರುತ್ತದೆ.

ಶಾಸನವೂ ನಿಷ್ಪಕ್ಷಪಾತವಾದ ವರದಿಯೇನಲ್ಲ. ಮಯೂರನಿಗೆ ಸುಮಾರು ನೂರು ವರ್ಷಗಳ ಬಳಿಕ, ಅವನ ವಂಶದ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಪ್ರಶಸ್ತಿಕಾವ್ಯವದು. ಅದರಲ್ಲಿ ಹೊಗಳಿಕೆಯೂ ಇದೆ. ಆದರೆ ಗಮನಿಸಬೇಕಾದ ಸಂಗತಿಯೊಂದುಂಟು. ಸಿಂಹಾಸನದಲ್ಲಿದ್ದ ಕದಂಬರೇ ತಮ್ಮ ಮೂಲಪುರುಷನನ್ನು ಅರಸುಮಗನೆಂದು ಹೇಳಿಕೊಳ್ಳಲಿಲ್ಲ. ಓದಲು ಹೋದ ಹುಡುಗನೆಂದೇ ಕಲ್ಲಿನಲ್ಲಿ ಕೊರೆಸಿದರು. ಅವರಿಗೆ ನಾಚಿಕೆಯೆನಿಸದ್ದು ನಮಗೆ ಏಕೆ ಸಾಲದಾಯಿತು?

ಇದರಿಂದ ಚಿತ್ರವನ್ನು ತಿರಸ್ಕರಿಸಬೇಕೆಂದಲ್ಲ. ಕದಂಬರ ಹೆಸರನ್ನು ಅದು ಮುಟ್ಟಿಸಿದಷ್ಟು ಜನರಿಗೆ ಪಠ್ಯಪುಸ್ತಕಗಳು ಮುಟ್ಟಿಸಿರಲಾರವು. ಐತಿಹಾಸಿಕ ಚಿತ್ರವನ್ನು ನೋಡುವಾಗ ಕಿರೀಟ ಕತ್ತಿಗಳ ಲೆಕ್ಕವನ್ನು ಸ್ವಲ್ಪ ಬದಿಗಿಟ್ಟು, ಈ ಮನುಷ್ಯ ಹೀಗೆ ಮಾಡಿದ್ದು ಏತಕ್ಕೆಂದು ಆಧಾರಗಳು ಹೇಳುತ್ತವೆ, ಚಿತ್ರ ಏನು ಹೇಳುತ್ತದೆ ಎಂದು ಹೋಲಿಸಿ ನೋಡಬೇಕು. ಹಾಗೆ ನೋಡಿದರೆ ಚಿತ್ರದ ಸುಖ ಕೆಡುವುದಿಲ್ಲ. ತಾಳಗುಂದದ ಕಲ್ಲಿಗೂ ಅನ್ಯಾಯವಾಗುವುದಿಲ್ಲ.