ರಕ್ತ ಶುದ್ಧವಾಗಿದ್ದರೆ ಸಾಲದು
(ನಾಡತಳಿಯ ದನಗಳನ್ನು ಕುರಿತ ಉಪನ್ಯಾಸದ ಬರಹರೂಪ)

ದನದ ಜಾತ್ರೆಯಲ್ಲಿ ಜೋಡಿಗೆ ಬೆಲೆ ಕಟ್ಟುವ ರೈತ ಮೊದಲು ಹಲ್ಲು ನೋಡುತ್ತಾನೆ. ಆಮೇಲೆ ಸುಳಿ, ಕೊಂಬು, ಗೊರಸು, ನಡಿಗೆ. ಎಲ್ಲ ಒಪ್ಪಿಗೆಯಾದ ಮೇಲೆ ಕೇಳುವ ಕೊನೆಯ ಪ್ರಶ್ನೆ, 'ಎಲ್ಲಿಯ ದನ, ಯಾವ ಹೋರಿಗೆ ಹುಟ್ಟಿದ್ದು?' ಎಂಬುದು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಅದು ತಪ್ಪೂ ಅಲ್ಲ. ಆದರೆ ಇದರ ಬೆನ್ನಿಗೇ ಇನ್ನೊಂದು ನಂಬಿಕೆ ಬಂದು ಸೇರಿಕೊಂಡಿದೆ. ರಕ್ತ ಶುದ್ಧವಾಗಿದ್ದರೆ, ಅಂದರೆ ಬೇರೆ ತಳಿಯ ಬೆರಕೆ ಇಲ್ಲದಿದ್ದರೆ, ದನ ತಾನಾಗಿಯೇ ಗಟ್ಟಿಮುಟ್ಟಾಗಿರುತ್ತದೆ ಎಂಬುದು ಆ ನಂಬಿಕೆ.

'ರಕ್ತ' ಎಂಬ ಮಾತಿಗೆ ಇಲ್ಲಿ ಎರಡು ಅರ್ಥಗಳಿವೆ. ಒಂದು ವಂಶ, ಇನ್ನೊಂದು ಮೈಯಲ್ಲಿ ಹರಿಯುವ ನೆತ್ತರು. ವಂಶ ಶುದ್ಧವಾಗಿದ್ದ ಮಾತ್ರಕ್ಕೆ ನೆತ್ತರು ಆರೋಗ್ಯವಾಗಿರುತ್ತದೆಯೇ? ನಾಡತಳಿಗಳನ್ನು ಉಳಿಸಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ಬೇಕು. ಏಕೆಂದರೆ ಏನನ್ನು ಉಳಿಸಬೇಕು ಎಂಬುದೇ ಆ ಉತ್ತರವನ್ನು ಅವಲಂಬಿಸಿದೆ.

ಉಣ್ಣಿ ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಂದು ವಿಚಿತ್ರ ನಡೆಯಿತು. ದಕ್ಷಿಣದ ಟೆಕ್ಸಾಸಿನಿಂದ ಸಾವಿರಾರು ದನಗಳನ್ನು ಉತ್ತರದ ಮಾರುಕಟ್ಟೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಅವು ಹಾದುಹೋದ ದಾರಿಯಲ್ಲಿ ಮೇಯ್ದ ಉತ್ತರದ ದನಗಳಿಗೆ ಕೆಲವು ವಾರಗಳಲ್ಲಿ ಜ್ವರ ಬರುತ್ತಿತ್ತು, ಮೂತ್ರ ಕೆಂಪಾಗುತ್ತಿತ್ತು, ಅವು ಸಾಯುತ್ತಿದ್ದವು. ರೋಗವನ್ನು ತಂದ ಟೆಕ್ಸಾಸಿನ ದನಗಳು ಮಾತ್ರ ಆರೋಗ್ಯವಾಗಿಯೇ ಇರುತ್ತಿದ್ದವು. ಈ ಒಗಟನ್ನು ಬಿಡಿಸಿದವರು ಥಿಯೊಬಾಲ್ಡ್ ಸ್ಮಿತ್ ಮತ್ತು ಎಫ್. ಎಲ್. ಕಿಲ್ಬೋರ್ನ್. ಕೆಂಪು ರಕ್ತಕಣದೊಳಗೆ ಹೊಕ್ಕು ಅದನ್ನು ಒಡೆಯುವ ಒಂದು ಸೂಕ್ಷ್ಮಜೀವಿ ಈ ರೋಗಕ್ಕೆ ಕಾರಣ, ಅದನ್ನು ದನದಿಂದ ದನಕ್ಕೆ ಸಾಗಿಸುವುದು ಉಣ್ಣಿ ಎಂದು ಅವರು 1893ರಲ್ಲಿ ಪ್ರಕಟಿಸಿದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು ಇದಾದ ನಾಲ್ಕು ವರ್ಷಗಳ ಮೇಲೆ, 1897ರಲ್ಲಿ.

ಟೆಕ್ಸಾಸಿನ ದನಗಳು ಏಕೆ ಸಾಯಲಿಲ್ಲ? ಅವು ಕರುವಾಗಿದ್ದಾಗಲೇ ಉಣ್ಣಿ ಕಚ್ಚಿಸಿಕೊಂಡು ಆ ಜೀವಿಯೊಂದಿಗೆ ಬಾಳಲು ಕಲಿತಿದ್ದವು. ರೋಗವಿರುವ ನೆಲದಲ್ಲಿ ತಲೆತಲಾಂತರದಿಂದ ಬದುಕಿದ ದನಕ್ಕೂ ಹೊಸದಾಗಿ ಬಂದ ದನಕ್ಕೂ ಇರುವ ವ್ಯತ್ಯಾಸ ಇದು. ನಮ್ಮ ನಾಡಿನಲ್ಲಿ ಇದೇ ಬಗೆಯ ರೋಗಗಳಲ್ಲಿ ಮುಖ್ಯವಾದದ್ದು ಥೈಲೀರಿಯಾ. ಅದು ಮೊದಲು ಬಿಳಿ ರಕ್ತಕಣಗಳನ್ನು ಹೊಕ್ಕು ಬೆಳೆಯುತ್ತದೆ, ಆಮೇಲೆ ಕೆಂಪು ಕಣಗಳಿಗೆ ಇಳಿಯುತ್ತದೆ. ಗ್ರಂಥಿಗಳು ಊದಿಕೊಳ್ಳುತ್ತವೆ, ಜ್ವರ ಏರುತ್ತದೆ, ರಕ್ತಹೀನತೆಯಿಂದ ಕಣ್ಣಿನ ಒಳರೆಪ್ಪೆ ಬಿಳಚಿಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ ಸೀಮೆಹಸುವೂ ನಾಟಿ ಹಸುವೂ ಒಟ್ಟಿಗೆ ಇದ್ದರೆ ಮೊದಲು ಮಲಗುವುದು ಸಾಮಾನ್ಯವಾಗಿ ಸೀಮೆಹಸುವೇ.

ಎಡಿನ್‌ಬರೋದ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಖಚಿತಪಡಿಸಿತು. ಹೋಲ್‌ಸ್ಟೀನ್ ಕರುಗಳಿಗೂ ಸಾಹಿವಾಲ್ ಕರುಗಳಿಗೂ ಥೈಲೀರಿಯಾ ಸೋಂಕನ್ನು ಒಂದೇ ಪ್ರಮಾಣದಲ್ಲಿ ತಗುಲಿಸಿದರು. ಹೋಲ್‌ಸ್ಟೀನ್ ಕರುಗಳಿಗೆ ಮಾರಕವಾಗುವ ಪ್ರಮಾಣವನ್ನು ಸಾಹಿವಾಲ್ ಕರುಗಳು ತಾಳಿಕೊಂಡು ಚೇತರಿಸಿಕೊಂಡವು. ಮೊದಲೇ ಉಣ್ಣಿ ಕಚ್ಚಿಸಿಕೊಂಡು ಪಡೆದ ರಕ್ಷಣೆಯಷ್ಟೇ ಇದಲ್ಲ, ಹುಟ್ಟಿನಿಂದ ಬಂದ ಗುಣವೂ ಹೌದು ಎಂಬುದು ಇದರಿಂದ ಗೊತ್ತಾಯಿತು. ಹಾಗೆಂದು ನಾಟಿ ದನಕ್ಕೆ ಕಾಯಿಲೆಯೇ ಬರುವುದಿಲ್ಲ ಎಂದಲ್ಲ. ಬಂದರೂ ಅದು ತಾಳಿಕೊಳ್ಳುವ ಸಂಭವ ಹೆಚ್ಚು.

ಬಿಸಿಲನ್ನೂ ಉಣ್ಣಿಯನ್ನೂ ತಾಳುವ ಈ ಗುಣಕ್ಕಾಗಿಯೇ ಅಮೆರಿಕದವರು ಭಾರತದ ದನಗಳನ್ನು ಹಡಗಿನಲ್ಲಿ ಒಯ್ದು 'ಬ್ರಾಹ್ಮನ್' ಎಂಬ ಹೊಸ ತಳಿಯನ್ನೇ ಕಟ್ಟಿಕೊಂಡರು. ಅದರಲ್ಲಿ ಗುಜರಾತಿನ ಗೀರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್ ತಳಿಗಳ ರಕ್ತದ ಜೊತೆಗೆ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯ ಪಾಲೂ ಸ್ವಲ್ಪ ಇದೆ.

ಒಂದೇ ಹೋರಿಯ ವಂಶ

ಹಾಗಾದರೆ ಸೀಮೆಹಸುವಿನ ರಕ್ತ ಕೆಟ್ಟದ್ದು, ನಾಟಿ ಹಸುವಿನ ರಕ್ತ ಒಳ್ಳೆಯದು ಎಂದು ಹೇಳಿ ಮುಗಿಸಬಹುದೇ? ಅಷ್ಟು ಸುಲಭವಿಲ್ಲ. ಸೀಮೆಹಸುವಿನ ಹಾಲಿನಿಂದ ಎಷ್ಟೋ ಸಂಸಾರಗಳು ನಡೆದಿವೆ, ಮಕ್ಕಳ ಶಾಲೆಯ ಫೀಸು ಕಟ್ಟಿದ್ದಾರೆ. ಆ ತಳಿಯ ಚರಿತ್ರೆಯಲ್ಲಿ ನಾಡತಳಿಗಳಿಗೆ ಇರುವ ಪಾಠ ಬೇರೆಯದೇ.

1980ರ ದಶಕದಲ್ಲಿ ಹೋಲ್‌ಸ್ಟೀನ್ ತಳಿಯ ಕೆಲವು ಕರುಗಳು ಹುಟ್ಟಿದ ಕೆಲವೇ ತಿಂಗಳಲ್ಲಿ ಸಾಯುತ್ತಿದ್ದುದು ಪಶುವೈದ್ಯರ ಗಮನಕ್ಕೆ ಬಂತು. ಬೇಧಿ, ನ್ಯುಮೋನಿಯಾ, ಬಾಯಿ ಹುಣ್ಣು ಯಾವ ಔಷಧಿಗೂ ಬಗ್ಗುತ್ತಿರಲಿಲ್ಲ. ರಕ್ತ ಪರೀಕ್ಷಿಸಿದರೆ ಬಿಳಿ ರಕ್ತಕಣಗಳು ವಿಪರೀತ ಸಂಖ್ಯೆಯಲ್ಲಿದ್ದವು! ಇಷ್ಟು ದೊಡ್ಡ ಸೈನ್ಯ ಇದ್ದೂ ಕರು ಸೋಲುವುದೇಕೆ? ಸೋಂಕು ತಗುಲಿದ ಜಾಗಕ್ಕೆ ಹೋಗಬೇಕಾದ ಬಿಳಿ ಕಣ ಮೊದಲು ರಕ್ತನಾಳದ ಗೋಡೆಗೆ ಅಂಟಿಕೊಳ್ಳಬೇಕು, ಆಮೇಲೆ ಅದನ್ನು ದಾಟಿ ಹೊರಗೆ ಬರಬೇಕು. ಹಾಗೆ ಅಂಟಿಕೊಳ್ಳಲು ಬೇಕಾದ ಒಂದು ಪ್ರೋಟೀನು ಈ ಕರುಗಳಲ್ಲಿ ಕೆಟ್ಟಿತ್ತು. ಸೈನ್ಯ ಹೆದ್ದಾರಿಯಲ್ಲೇ ಓಡಾಡುತ್ತಿತ್ತು, ಊರೊಳಗೆ ಇಳಿಯಲು ಬಾಗಿಲು ಸಿಗುತ್ತಿರಲಿಲ್ಲ.

1992ರಲ್ಲಿ ಅಮೆರಿಕದ ವಿಜ್ಞಾನಿಗಳು ಇದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು ಗುರುತಿಸಿದರು. ಆಗ ಅಲ್ಲಿನ ಹೋಲ್‌ಸ್ಟೀನ್ ಹೋರಿಗಳಲ್ಲಿ ಸುಮಾರು ಶೇಕಡಾ 15ರಷ್ಟು, ಹಸುಗಳಲ್ಲಿ ಶೇಕಡಾ 6ರಷ್ಟು ಈ ದೋಷವನ್ನು ಗುಟ್ಟಾಗಿ ಹೊತ್ತಿದ್ದವು. ದೋಷದ ಒಂದೇ ಪ್ರತಿ ಇದ್ದರೆ ದನಕ್ಕೆ ಏನೂ ಆಗುವುದಿಲ್ಲ. ತಂದೆ ತಾಯಿ ಇಬ್ಬರೂ ಹೊತ್ತಿದ್ದರೆ ಮಾತ್ರ ನಾಲ್ಕರಲ್ಲಿ ಒಂದು ಕರುವಿಗೆ ಎರಡೂ ಪ್ರತಿಗಳು ಬಂದು ಅದು ಸಾಯುತ್ತದೆ. ವಂಶಾವಳಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೋದಾಗ ದೋಷ ಹೊತ್ತ ಅಷ್ಟೂ ದನಗಳ ಹಾದಿ 1952ರಲ್ಲಿ ಹುಟ್ಟಿದ ಒಂದೇ ಹೋರಿಗೆ ಹೋಗಿ ನಿಂತಿತು. ಓಸ್‌ಬರ್ನ್‌ಡೇಲ್ ಐವನ್‌ಹೋ ಎಂಬ ಹೆಸರಿನ ಆ ಹೋರಿಯ ಹೆಣ್ಣುಕರುಗಳು ಚೆನ್ನಾಗಿ ಹಾಲು ಕೊಡುತ್ತಿದ್ದವು. ಹೀಗಾಗಿ ಅದರ ವೀರ್ಯವನ್ನು ಕೃತಕ ಗರ್ಭಧಾರಣೆಯ ಮೂಲಕ ಎಲ್ಲೆಡೆ ಹಂಚಿದ್ದರು. ಹಾಲಿನ ಜೊತೆಗೆ ದೋಷವೂ ಹಂಚಿಹೋಯಿತು.

ಈ ಹೋರಿ ಬೆರಕೆಯದಾಗಿರಲಿಲ್ಲ, ದಾಖಲೆ ಇದ್ದ ಶುದ್ಧ ತಳಿಯದೇ ಆಗಿತ್ತು. ದೋಷ ಹರಡಿದ್ದಕ್ಕೆ ಕಾರಣ ಒಂದೇ ಹೋರಿಯನ್ನು ಮಿತಿಮೀರಿ ನೆಚ್ಚಿಕೊಂಡದ್ದು. ಅಮೆರಿಕದಲ್ಲಿ ಹೋಲ್‌ಸ್ಟೀನ್ ಹಸುಗಳ ಸಂಖ್ಯೆ ಲಕ್ಷಗಟ್ಟಲೆ ಇದೆ. ಆದರೂ ಅಲ್ಲಿ ಬಳಕೆಯಲ್ಲಿರುವ ಹೋರಿಗಳ ಗಂಡು ವಂಶ ಬಹುಪಾಲು 1960ರ ದಶಕದಲ್ಲಿ ಹುಟ್ಟಿದ ಎರಡೇ ಹೋರಿಗಳಿಂದ ಬಂದದ್ದು ಎಂದು ಪೆನ್ಸಿಲ್ವೇನಿಯಾದ ಸಂಶೋಧಕರು 2015ರಲ್ಲಿ ತೋರಿಸಿದರು. ಭಾರತದಲ್ಲಿಯೂ ಹೋಲ್‌ಸ್ಟೀನ್ ಮತ್ತು ಮಿಶ್ರತಳಿ ಹೋರಿಗಳನ್ನು ವೀರ್ಯ ಸಂಗ್ರಹಕ್ಕೆ ಆರಿಸುವಾಗ ಬಿಳಿ ಕಣಗಳ ಈ ದೋಷಕ್ಕೂ ರಕ್ತ ಹೆಪ್ಪುಗಟ್ಟದ ಇನ್ನೊಂದು ದೋಷಕ್ಕೂ ಪರೀಕ್ಷೆ ಮಾಡಬೇಕೆಂಬ ನಿಯಮ ಬಂದಿದೆ.

ಲೆಕ್ಕಕ್ಕೆ ಬರುವ ದನ

ಇನ್ನು ನಾಡತಳಿಗಳತ್ತ ಬರಬಹುದು. ನೂರು ಹಸುಗಳಿರುವ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಉಳುಮೆಗೆ ಟ್ರ್ಯಾಕ್ಟರು ಬಂದ ಮೇಲೆ ಗಂಡುಕರುಗಳನ್ನು ಸಾಕುವವರು ಕಡಿಮೆಯಾಗಿ, ಊರಿಗೆಲ್ಲ ಒಂದೇ ಬಿತ್ತನೆ ಹೋರಿ ಉಳಿದಿದೆ. ಮೇಲುನೋಟಕ್ಕೆ ನೂರೊಂದು ದನಗಳ ಹಿಂಡು ಇದು. ಆದರೆ ಮುಂದಿನ ಪೀಳಿಗೆಯ ಅಷ್ಟೂ ಕರುಗಳಿಗೆ ತಂದೆ ಒಂದೇ, ಎಲ್ಲವೂ ಅಣ್ಣತಂಗಿಯರು. ಹುಟ್ಟಿದ ಕಡಸುಗಳು ಬೆದೆಗೆ ಬರುವ ಹೊತ್ತಿಗೆ ಅದೇ ಹೋರಿ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಮನುಷ್ಯರ ಮದುವೆಗೆ ಬೆಡಗು, ಬಳಿ, ಗೋತ್ರಗಳನ್ನೆಲ್ಲ ವಿಚಾರಿಸುವ ಊರಿನಲ್ಲಿ, ಕಡಸಿಗೆ ಕೊಡಿಸುವ ಹೋರಿ ಅದರ ಅಪ್ಪನೇ ಹೌದೇ ಎಂದು ವಿಚಾರಿಸುವವರು ವಿರಳ.

ಇಂಥ ಹಿಂಡಿನಲ್ಲಿ ವೈವಿಧ್ಯ ಎಷ್ಟು ಉಳಿಯುತ್ತದೆ ಎಂದು ಅಳೆಯಲು ತಳಿವಿಜ್ಞಾನಿ ಸೀವಾಲ್ ರೈಟ್ 1931ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಹೋರಿಗಳ ಸಂಖ್ಯೆಯನ್ನು ಹಸುಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, ಒಟ್ಟು ದನಗಳ ಸಂಖ್ಯೆಯಿಂದ ಭಾಗಿಸಬೇಕು. ಒಂದು ಹೋರಿ, ನೂರು ಹಸು ಇದ್ದರೆ ಬರುವ ಉತ್ತರ ಸುಮಾರು 4. ಅಂದರೆ ವಂಶವೈವಿಧ್ಯದ ದೃಷ್ಟಿಯಿಂದ ಆ ನೂರೊಂದು ದನಗಳು ನಾಲ್ಕೇ ದನಗಳಿಗೆ ಸಮ. ಹಸುಗಳನ್ನು ಸಾವಿರಕ್ಕೆ ಏರಿಸಿದರೂ ಉತ್ತರ ನಾಲ್ಕರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದೇ ನೂರು ಹಸುಗಳಿಗೆ ಹತ್ತು ಹೋರಿಗಳನ್ನು ಬಿಟ್ಟರೆ ಉತ್ತರ 36ಕ್ಕೆ ಏರುತ್ತದೆ. ಈ ಸಂಖ್ಯೆ 50ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕೆಂಬುದು ತಳಿ ಸಂರಕ್ಷಣೆಯಲ್ಲಿ ಸಾಮಾನ್ಯವಾಗಿ ಒಪ್ಪಿರುವ ಮಾತು. ಹೆಣ್ಣುಕರು ಹುಟ್ಟಿದರೆ ಹಿಗ್ಗಿ ಗಂಡುಕರು ಹುಟ್ಟಿದರೆ ಕುಗ್ಗುವ ಈಗಿನ ಕಾಲಕ್ಕೆ ಇದು ಕಹಿಯಾದ ಲೆಕ್ಕ.

ಇಂಗ್ಲೆಂಡಿನ ಚಿಲ್ಲಿಂಗ್‌ಹ್ಯಾಮ್ ಎಂಬಲ್ಲಿ ಶತಮಾನಗಳಿಂದ ಹೊರಗಿನ ರಕ್ತವೇ ಸೇರದ ಬಿಳಿ ದನಗಳ ಹಿಂಡೊಂದು ಉಳಿದುಕೊಂಡಿದೆಯಲ್ಲ ಎಂದು ಯಾರಾದರೂ ಕೇಳಬಹುದು. ನಿಜ. 1947ರ ಭೀಕರ ಚಳಿಗಾಲದಲ್ಲಿ ಹದಿಮೂರೇ ದನಗಳು ಬದುಕಿದ್ದವು, ಆಮೇಲೂ ಹಿಂಡು ಬೆಳೆಯಿತು. ಆ ದನಗಳು ವಂಶವಾಹಿಯಲ್ಲಿ ಹೆಚ್ಚುಕಡಿಮೆ ಒಂದರಂತೆ ಒಂದು ಇವೆ ಎಂದು 2001ರಲ್ಲಿ ತಿಳಿದುಬಂತು. ಆದರೆ ಅದೃಷ್ಟದಿಂದ ಉಳಿದ ಒಂದು ಹಿಂಡನ್ನು ನೋಡಿ ನಿಯಮ ಮಾಡಲಾಗದು. ಹಾಗೆ ಅಳಿದುಹೋದ ಹಿಂಡುಗಳ ಕಥೆ ಹೇಳಲು ದನಗಳೇ ಉಳಿದಿರುವುದಿಲ್ಲ.

ಹಿರಿಯರು ಕಟ್ಟಿದ ತಳಿ

ಶುದ್ಧವೆಂದು ಹೆಮ್ಮೆಪಡುವ ತಳಿಗಳ ಚರಿತ್ರೆಯನ್ನೇ ನೋಡಿದರೂ ಇದೇ ಮಾತು ಸಿಗುತ್ತದೆ. ಅಮೃತಮಹಲ್ ಒಂದೇ ಮೂಲದಿಂದ ಬಂದದ್ದಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳು ಅದರಲ್ಲಿ ಸೇರಿವೆ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ 'ಬೆಣ್ಣೆ ಚಾವಡಿ' ಎನಿಸಿಕೊಂಡ ಅರಮನೆಯ ಹಿಂಡುಗಳಿಗೆ 'ಅಮೃತ ಮಹಲ್' ಎಂದು ಹೆಸರಿಟ್ಟವನು ಟಿಪ್ಪು. ಕಾವಲುಗಳಲ್ಲಿ ಬೇರೆ ಬೇರೆಯಾಗಿ ಮೇಯುತ್ತಿದ್ದ ಆ ಹಿಂಡುಗಳು ಫಿರಂಗಿ ಎಳೆಯುವ ಎತ್ತುಗಳನ್ನು ಸೈನ್ಯಕ್ಕೆ ಒದಗಿಸಿದವು. ಬ್ರಿಟಿಷರು ಖರ್ಚು ಉಳಿಸಲೆಂದು 1860ರಲ್ಲಿ ಈ ವ್ಯವಸ್ಥೆಯನ್ನೇ ಮುಚ್ಚಿದರು. ಅಂಥ ಎತ್ತುಗಳು ಬೇರೆಲ್ಲೂ ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಕೃಷ್ಣಾ ಕಣಿವೆ ತಳಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಂಗ್ಲಿಯ ಪಟವರ್ಧನ ಸಂಸ್ಥಾನಿಕರು ಗೀರ್, ಓಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಸೀಮೆಯ ದನಗಳನ್ನು ಕೂಡಿಸಿ ಎರೆಭೂಮಿಯ ಉಳುಮೆಗೆಂದೇ ರೂಪಿಸಿದರು.

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆಯ ದನದ ಜಾತ್ರೆಗಳು ಮಾಡುತ್ತಿದ್ದುದೂ ಇದೇ ಕೆಲಸ. ಒಂದು ಸೀಮೆಯ ಹೋರಿ ಇನ್ನೊಂದು ಸೀಮೆಯ ಹಟ್ಟಿ ಸೇರುತ್ತಿತ್ತು, ರಕ್ತ ತಾನಾಗಿಯೇ ಕದಲುತ್ತಿತ್ತು. ಮಲೆನಾಡು ಗಿಡ್ಡದ ಗಟ್ಟಿತನಕ್ಕೂ ಇದು ಒಂದು ಕಾರಣವಿರಬೇಕು. ಕಾಡಿನಲ್ಲಿ ಹಗಲೆಲ್ಲ ಮೇಯುವ ಆ ದನಗಳಿಗೆ ಒಂದೇ ಹೋರಿಯ ಕಟ್ಟುಪಾಡು ಇರಲಿಲ್ಲ.

2019ರ ಜಾನುವಾರು ಗಣತಿಯ ಪ್ರಕಾರ ದೇಶದ ಸುಮಾರು 19.25 ಕೋಟಿ ದನಗಳಲ್ಲಿ 14.21 ಕೋಟಿ ದೇಶಿ ದನಗಳು. 2012ಕ್ಕೆ ಹೋಲಿಸಿದರೆ ದೇಶಿ ದನಗಳು ಶೇಕಡಾ 6ರಷ್ಟು ಕಡಿಮೆಯಾದವು, ವಿದೇಶಿ ಮತ್ತು ಮಿಶ್ರತಳಿಗಳು ಶೇಕಡಾ 27ರಷ್ಟು ಹೆಚ್ಚಾದವು. ಈ ತಲೆಯೆಣಿಕೆಯಲ್ಲಿ ಕಾಣದೆ ಉಳಿಯುವ ಸಂಖ್ಯೆ ಒಂದಿದೆ. ಒಂದೊಂದು ತಳಿಯಲ್ಲಿ, ಒಂದಕ್ಕೊಂದು ಹತ್ತಿರದ ಸಂಬಂಧವಿಲ್ಲದ ಬಿತ್ತನೆ ಹೋರಿಗಳು ಎಷ್ಟು ಎಂಬುದೇ ಅದು.

ಪರಿಹಾರ ದುಬಾರಿಯದೇನಲ್ಲ. ಕೇರಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಸೋಸಮ್ಮ ಐಪ್ ಅವರು 1989ರಲ್ಲಿ ಬೆರಳೆಣಿಕೆಯಷ್ಟು ದನಗಳಿಂದ ವೆಚ್ಚೂರು ತಳಿಯನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅಂಥ ಸ್ಥಿತಿಗೆ ತಲುಪುವ ಮೊದಲೇ ಎಚ್ಚರಾದರೆ ಕೆಲಸ ಇನ್ನೂ ಹಗುರ. ಕರು ಹುಟ್ಟಿದಾಗ ತಂದೆ ಯಾವುದೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು, ಎರಡು ಮೂರು ವರ್ಷಕ್ಕೊಮ್ಮೆ ದೂರದ ಊರಿನೊಂದಿಗೆ ಹೋರಿ ಬದಲಾಯಿಸಿಕೊಳ್ಳುವುದು, ಪ್ರದರ್ಶನದಲ್ಲಿ ಬಹುಮಾನ ಗೆದ್ದ ಒಂದೇ ಹೋರಿಯ ವೀರ್ಯಕ್ಕೆ ಎಲ್ಲರೂ ಮುಗಿಬೀಳದಿರುವುದು, ಒಳ್ಳೆಯ ತಾಯಿಗೆ ಹುಟ್ಟಿದ ಗಂಡುಕರುಗಳಲ್ಲಿ ಕೆಲವನ್ನಾದರೂ ಬೀಜ ಒಡೆಸದೆ ಉಳಿಸುವುದು ಇವೆಲ್ಲ ರೈತರ ಕೈಯಲ್ಲೇ ಇವೆ. ಆದರೆ ಹೋರಿ ಸಾಕುವ ಖರ್ಚನ್ನು ಒಬ್ಬ ರೈತನ ತಲೆಗೆ ಕಟ್ಟಲಾಗದು. ಹಾಲು ಸಂಘಗಳೂ ಪಂಚಾಯಿತಿಗಳೂ ಹಸುವಿಗೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಹೋರಿಗೂ ಕೊಡಬೇಕಾಗುತ್ತದೆ.

ದನದ ಜಾತ್ರೆಯಲ್ಲಿ ಕೇಳುವ ಆ ಹಳೆಯ ಪ್ರಶ್ನೆಯನ್ನು ಬಿಡಬೇಕಾಗಿಲ್ಲ. ಯಾವ ಹೋರಿಗೆ ಹುಟ್ಟಿದ್ದು ಎಂದು ಕೇಳಿದ ಮೇಲೆ, ಈ ಸೀಮೆಯಲ್ಲಿ ಅಂಥವು ಇನ್ನೆಷ್ಟು ಹೋರಿಗಳಿವೆ ಎಂದೂ ಕೇಳಬೇಕು. 'ಅದೊಂದೇ' ಎಂಬ ಉತ್ತರ ಬಂದರೆ, ಎಷ್ಟೇ ಶುದ್ಧ ರಕ್ತದ ದನವಾಗಲಿ, ಆ ತಳಿ ಅಪಾಯದಲ್ಲಿದೆ ಎಂದು ತಿಳಿಯಬೇಕು.